ನಲವತ್ತೊಂದನೇ ಸಾಲಿನ ಬೀಗರು

ಸುಗಟೂರಿನ ಮುನಿಶಾಮಿಗೆ ಈ ಪ್ರಪಂಚದಿಂದ ಬೇಕಾಗಿದ್ದದ್ದು ಒಂದೇ. ಮಾಲೂರಿನ ಶ್ರೀನಿವಾಸಪ್ಪನವರು ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನರ ಎದುರಿಗೆ ತನ್ನನ್ನು ‘ಬೀಗರೇ’ ಎಂದು ಕರೆಯಬೇಕು. ಮಗಳು ಶ್ವೇತಳನ್ನು ಅವರ ಮಗ ವೆಂಕಟ್‌ಗೆ ಕೊಟ್ಟು ಆರು ವರ್ಷವಾಗಿತ್ತು. ಈ ಆರು ವರ್ಷದಲ್ಲಿ ಆ ಮಹಾನುಭಾವರ ಬಾಯಿಂದ ‘ಏನಪ್ಪಾ ಕಂಡಕ್ಟ್ರೇ’ ಎಂಬುದನ್ನು ಬಿಟ್ಟು ಬೇರೊಂದು ಮಾತು ಹೊರಬಿದ್ದಿರಲಿಲ್ಲ.

ಕಂಡಕ್ಟರ್ ಎನ್ನುವುದೇನೂ ಸುಳ್ಳಲ್ಲ. ಕೋಲಾರದಿಂದ ಶ್ರೀನಿವಾಸಪುರದ ಮೇಲೆ ಗೌನಿಪಲ್ಲಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮುನಿಶಾಮಿ ಮೂವತ್ತೊಂದು ವರ್ಷ ಟಿಕೆಟ್ ಹರಿದವನು. ಅಷ್ಟೂ ವರ್ಷ ಒಂದೇ ಬಸ್ಸು. ಅದರ ಯಾವ ಕಿಟಕಿ ಎಳೆದರೆ ಬರುತ್ತದೆ, ಯಾವುದಕ್ಕೆ ಗುದ್ದು ಬೇಕು ಎಂಬುದು ಅವನ ಕೈಗೇ ಗೊತ್ತಿತ್ತು. ಒಂದು ವಿಶಲ್ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಈ ಎರಡು ಕಾನೂನಿನ ಮೇಲೆಯೇ ಲೋಕ ನಡೆಯುತ್ತಿದೆ ಎಂದು ಅವನು ನಂಬಿದ್ದ. ರಿಟೈರಾದ ಮೇಲೂ ವಿಶಲ್ ಅವನ ಅಂಗಿಯ ಜೇಬು ಬಿಟ್ಟಿರಲಿಲ್ಲ.

ಶ್ರೀನಿವಾಸಪ್ಪನವರ ಕಥೆಯೇ ಬೇರೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ರಿಟೈರಾದವರು. ಸಾಲದ್ದಕ್ಕೆ ಗಂಡಿನ ತಂದೆ. ಅದೂ ಸಾಲದ್ದಕ್ಕೆ, ಹನ್ನೆರಡು ವರ್ಷದ ಹಿಂದೆ ಸರ್ಕಾರಿ ಕೆಲಸದ ಮೇಲೆ ವಿಮಾನದಲ್ಲಿ ಡೆಲ್ಲಿಗೆ ಹೋಗಿಬಂದವರು. ಮದುವೆಯಿರಲಿ, ತಿಥಿಯಿರಲಿ, ಎಲೆ ಹಾಕಿ ಸಾರು ಬೀಳುವುದರೊಳಗೆ ಅವರ ವಿಮಾನ ಮೇಲೇಳುತ್ತಿತ್ತು. ಮಜ್ಜಿಗೆಯ ಹೊತ್ತಿಗೆ ಡೆಲ್ಲಿಯಲ್ಲಿ ಇಳಿಯುತ್ತಿತ್ತು. ಅವರ ಕೋಪವೂ ಅಂಥದ್ದೇ. ಟೇಕಲ್‌ನಲ್ಲಿ ಮಕ್ಕಳ ಮದುವೆಯಾದಾಗ, ಗಂಡಿನ ಕಡೆಯವರಿಗೆ ಪಾಯಸ ತಡವಾಗಿ ಬಂತೆಂದು ಎಲೆ ಬಿಟ್ಟೆದ್ದು ಸೀದಾ ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂತಿದ್ದರು. ಮುನಿಶಾಮಿ ಪಾಯಸದ ತಪ್ಪಲೆಯನ್ನೇ ಎತ್ತಿಕೊಂಡು ಪ್ಲಾಟ್‌ಫಾರಮ್ಮಿಗೆ ಓಡಿ, ಕೈಮುಗಿದು, ಅಲ್ಲೇ ಬೆಂಚಿನ ಮೇಲೆ ಬಡಿಸಿ ಕರೆತಂದಿದ್ದ.

ಈಗ ವೆಂಕಟ್ ಮಸ್ಕತ್ತಿನಲ್ಲಿ ಲಿಫ್ಟ್ ಮೆಕ್ಯಾನಿಕ್. ಶ್ವೇತಳಿಗೆ ಹೆಣ್ಣುಮಗುವಾಗಿತ್ತು. ಮುನಿಶಾಮಿಯ ಹೆಂಡತಿ ಆಂಜಿನಮ್ಮ ಬಾಣಂತನಕ್ಕೆಂದು ಮೊದಲೇ ಹೋಗಿದ್ದಳು. ನಾಮಕರಣಕ್ಕೆ ಇಬ್ಬರು ಅಜ್ಜಂದಿರೂ ಬರಲೇಬೇಕೆಂದು ವೆಂಕಟ್ ಒಂದೇ ವಿಮಾನಕ್ಕೆ ಎರಡು ಟಿಕೆಟ್ ಕಳಿಸಿದ.

ಸುದ್ದಿ ತಿಳಿದು ಸುಗಟೂರಿನ ಅರ್ಧ ಬೀದಿ ಮುನಿಶಾಮಿಯ ಜಗಲಿಗೆ ಬಂತು. ಎದುರುಮನೆಯ ಮುನಿಗಂಗಮ್ಮ, “ಕಿಟಕಿಯಿಂದ ಕೈ ಆಚೆ ಹಾಕ್ಬೇಡ ಕಣಪ್ಪ, ಎದುರುಗಡೆಯಿಂದ ಇನ್ನೊಂದು ಬಂದ್ರೆ ಕಷ್ಟ” ಎಂದು ಬುದ್ಧಿ ಹೇಳಿದಳು. ಮಾಲೂರಿನಿಂದ ಫೋನೂ ಬಂತು.

“ಏನಪ್ಪಾ ಕಂಡಕ್ಟ್ರೇ, ನಾನು ಹೆಂಗೆ ಮಾಡ್ತೀನೋ ಹಂಗೇ ಮಾಡು. ನನ್ನ ಹಿಂದೇನೇ ಇರು. ನಾನು ಡೆಲ್ಲಿಗೆ ಹೋಗಿದ್ದವನು.”

“ಆಗ್ಲಿ ಬೀಗ್ರೇ,” ಎಂದ ಮುನಿಶಾಮಿ.

ವಿಮಾನ ನಿಲ್ದಾಣದಲ್ಲಿ ಅವರು ಹೇಳಿದಂತೆಯೇ ಒಂದು ಹೆಜ್ಜೆ ಹಿಂದೆ ನಿಂತಿದ್ದ. ಆದರೆ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಶಿರಸ್ತೇದಾರರ ಭುಜದ ಮೇಲಿಂದ ಹಿಂದಕ್ಕೆ ನೋಡಿ ಎದ್ದೇ ನಿಂತಳು.

“ಮಾಮಾ! ಬಾಗುನ್ನಾರಾ, ಚೆನ್ನಾಗಿದೀರಾ? ನಾನು ವಾಣಿಶ್ರೀ, ಗೌನಿಪಲ್ಲಿ!”

“ಅಯ್ಯೋ ನಮ್ಮಮ್ಮ! ಹಾಲ್ ಟಿಕೆಟ್ ಮರೆತು ಬಂದು ಬಸ್ಸಲ್ಲಿ ಅಳ್ತಿದ್ದೋಳಲ್ವಾ ನೀನು?”

“ಬಸ್ಸನ್ನೇ ವಾಪಸ್ ತಿರುಗಿಸಿದ್ರಲ್ಲ ಮಾಮ! ಜನ ಎಲ್ಲ ಬೈದ್ರೂ ಬಿಡ್ಲಿಲ್ಲ ನೀವು. ಅವತ್ತು ಪರೀಕ್ಷೆ ಬರೀದೇ ಇದ್ದಿದ್ರೆ ಇವತ್ತು ಇಲ್ಲಿ ಎಲ್ಲಿ ಇರ್ತಿದ್ದೆ?” ಅವಳು ಕಣ್ಣೊರೆಸಿಕೊಂಡು ಕಂಪ್ಯೂಟರ್ ಕಡೆ ತಿರುಗಿದಳು. “ಮಾಮೂಲಿ ವಿಮಾನ ರಿಪೇರಿಗೆ ಹೋಗಿದೆ. ಈ ತಿಂಗಳೆಲ್ಲ ಓಡಿಸೋಕೆ ಒಂದು ಹಳೇದನ್ನ ಬಾಡಿಗೆಗೆ ತಂದಿದ್ದಾರೆ. ಅದರಲ್ಲಿ ಹಿಂದೆ ಒಂದು ಸೀಟು ಕಮ್ಮಿ, ಮುಂದೆ ಬಿಸಿನೆಸ್ ಕ್ಲಾಸಲ್ಲಿ ಒಂದು ಖಾಲಿ. ಒಬ್ಬರನ್ನ ಅಲ್ಲಿ ಕೂರಿಸಬೇಕು.”

ಶ್ರೀನಿವಾಸಪ್ಪನವರು ಕೈ ಚಾಚಿದರು. “ಕೊಡಮ್ಮ.”

“ನಿಮಗಲ್ಲ ಸಾರ್. ಮಾಮನಿಗೆ.”

ಮುನಿಶಾಮಿ ಎರಡೂ ಕೈ ಅಡ್ಡ ಆಡಿಸಿದ. “ಬೇಡ ಕಣಮ್ಮ! ಅವರು ಗಂಡಿನ ಕಡೆಯವರು! ಅವರನ್ನ ಹಿಂದೆ ಬಿಟ್ಟು ನಾನು ಮುಂದೆ ಕೂತ್ರೆ ನನ್ನ ಮಗಳ ಸಂಸಾರ ಏನಾಗಬೇಕು?”

“ಹೆಸರು ಬಿದ್ದಾಯ್ತು ಮಾಮ. ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಇದರಲ್ಲಿ ಕಾಲಮ್ಮೇ ಇಲ್ಲ,” ಎಂದು ಅವಳು ಚೀಟಿ ಹರಿದುಕೊಟ್ಟಳು. ಒಂದರಲ್ಲಿ ಎರಡನೇ ಸಾಲು. ಇನ್ನೊಂದರಲ್ಲಿ ನಲವತ್ತೊಂದನೇ ಸಾಲು.

ಶ್ರೀನಿವಾಸಪ್ಪನವರು ತಮ್ಮ ಚೀಟಿಯನ್ನು ಜೇಬಿಗೆ ತುರುಕಿ ಮುಂದೆ ನಡೆದರು. ಮುನಿಶಾಮಿ ನಾಲ್ಕು ಸಲ ಚೀಟಿ ಬದಲಾಯಿಸಲು ಹೋದ. “ನೀನು ಬಿಟ್ಟುಕೊಟ್ಟ ಸೀಟಲ್ಲಿ ಕೂರೋ ಗತಿ ಇನ್ನೂ ಬಂದಿಲ್ಲ ನನಗೆ” ಎಂಬುದೊಂದೇ ಉತ್ತರ.

ತಪಾಸಣೆಯ ಜಾಗದಲ್ಲಿ ಒಬ್ಬ ಅಧಿಕಾರಿ ಮುನಿಶಾಮಿಯ ಜೇಬಿನ ವಿಶಲ್ ತೆಗೆದು, “ಯೇ ಕ್ಯಾ ಹೈ?” ಎಂದ. ಹಿಂದಿ ಬಾರದ ಮುನಿಶಾಮಿ ಅದನ್ನು ತೆಗೆದುಕೊಂಡು ವಿವರಣೆ ಕೊಡಲು ಒಂದು ಸಲ ಊದಿದ. ನೂರಾರು ಜನರ ಸಾಲು ನಿಂತಲ್ಲೇ ನಿಂತಿತು. ಟ್ರೇ ನೂಕುತ್ತಿದ್ದವರ ಕೈ ಕೂಡ ನಿಂತಿತು. ಗಾಬರಿಯಾಗಿ ಎರಡು ಸಲ ಊದಿದ. ಎಲ್ಲರೂ ಮತ್ತೆ ಚಲಿಸಿದರು. ಅಧಿಕಾರಿ ಒಂದು ಗಳಿಗೆ ಯೋಚಿಸಿ, ತನಗೂ ಇಂಥದ್ದೊಂದು ಇದ್ದಿದ್ದರೆ ಎಂಬಂತೆ ನೋಡಿ, ವಾಪಸ್ಸು ಕೊಟ್ಟ.

ವಿಮಾನದ ಒಳಗೆ ಕಾಲಿಟ್ಟ ಕೂಡಲೇ ಮುನಿಶಾಮಿಗೆ ಅದು ತನ್ನದೇ ಬಸ್ಸಿನ ನೆಂಟ ಎಂದು ತಿಳಿದುಹೋಯಿತು. ಸೀಟೇನೋ ದಿವಾನ್ ಕಾಟ್‌ನಷ್ಟು ದೊಡ್ಡದು, ಗುಂಡಿ ಒತ್ತಿದರೆ ಕಾಲ ಕೆಳಗೆ ಹಲಗೆ ಎದ್ದುಬರುತ್ತಿತ್ತು. ಆದರೆ ಕೈ ಇಡುವ ಜಾಗದಲ್ಲಿ ಸಿಗರೇಟಿನ ಬೂದಿ ಹಾಕುವ ಪುಟ್ಟ ಡಬ್ಬಿ! ಒಳಗೆಲ್ಲ ಸಿಗರೇಟು ಸೇದಲು ಬಿಡುತ್ತಿದ್ದ ಕಾಲದ ಗಾಡಿ. ಸಾಮಾನಿಡುವ ಮೇಲಿನ ಡಬ್ಬದ ಮುಚ್ಚಳ ಸುಮ್ಮನೆ ಮುಚ್ಚುತ್ತಿರಲಿಲ್ಲ. ಗಗನಸಖಿ ಎರಡು ಸಲ ಒದ್ದಾಡಿದ ಮೇಲೆ ಮುನಿಶಾಮಿ ಎದ್ದು, ಅಂಗೈಯಿಂದ ಮೂಲೆಗೊಂದು ಗುದ್ದು ಕೊಟ್ಟ. ಗಪ್ಪೆಂದು ಮುಚ್ಚಿಕೊಂಡಿತು.

“ನಿಮಗೆ ಹೇಗೆ ಗೊತ್ತಾಯ್ತು ಮಾರಾಯ್ರೆ?” ಎಂದಳು ಅವಳು. ಮಂಗಳೂರಿನವಳು, ಹೆಸರು ಸುನಂದ.

“ಹಳೇ ಗಾಡಿ ಹೇಳಿದ ಮಾತು ಕೇಳುತ್ತಮ್ಮ, ಎಲ್ಲಿ ಗುದ್ದಬೇಕು ಅಂತ ಗೊತ್ತಿರಬೇಕಷ್ಟೆ,” ಎಂದು ಮುನಿಶಾಮಿ ಕೂತು, ಬೆಲ್ಟು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿಕೊಂಡ. ವಿಮಾನ ರನ್‌ವೇ ತುದಿಯಲ್ಲಿ ನಿಂತಾಗ ಬಾಯಿಂದ ತಾನಾಗಿ “ರೈಟ್, ರೈಟ್” ಎಂದು ಬಂತು. ಹೊರಟೇಬಿಟ್ಟಿತು. ಪಕ್ಕದ ಕೋಟುಧಾರಿ ಅವನತ್ತ ಗೌರವದಿಂದ ನೋಡಿದ.

ಆಹಾ! ಗಾಜಿನ ಲೋಟದಲ್ಲಿ ಮೂಸಂಬಿ ರಸ ಬಂತು. ಬಿಸಿ ಟವಲ್ ಬಂತು. ಮುಖ, ಕತ್ತು, ಕಂಕುಳು ಒರೆಸಿಕೊಂಡು ಹಿಂಡಿ ಮಡಚಿಕೊಟ್ಟ. ಮೂವತ್ತೊಂದು ವರ್ಷ ಇಡೀ ತಾಲ್ಲೂಕಿಗೆ ಸೀಟು ಕೊಟ್ಟು ತಾನು ನಿಂತೇ ಇದ್ದ ಮನುಷ್ಯ ಈಗ ಕಾಲು ಚಾಚಿಕೊಂಡು ಕೂತಿದ್ದ, ಮತ್ತು ಅವನಿಗೆ ಬಹಳ ಹೆಮ್ಮೆಯಾಗಿತ್ತು.

ಆಗ ಎಲ್ಲೋ ಟಿಂಗ್ ಎಂದಿತು. ಒಂದು ಸಲ.

ಮುನಿಶಾಮಿಯ ಬೆನ್ನು ನೆಟ್ಟಗಾಯಿತು. ಒಂದು ಟಿಂಗ್ ಎಂದರೆ ಯಾರೋ ಇಳಿಯುವವರಿದ್ದಾರೆ. ಕಿಟಕಿಯಿಂದ ನೋಡಿದ. ಮೋಡ ಬಿಟ್ಟರೆ ಯಾವ ಸ್ಟಾಪೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಟಿಂಗ್. ಮತ್ತೆ ಒಂದೇ. ಡ್ರೈವರ್ ಕಿವಿಗೆ ಹಾಕಿಕೊಳ್ಳದೆ ಓಡಿಸುತ್ತಲೇ ಇದ್ದ. ಇಂಥ ಡ್ರೈವರುಗಳನ್ನು ಮುನಿಶಾಮಿ ಕಂಡಿದ್ದ, ಅವರಿಂದ ಪ್ಯಾಸೆಂಜರುಗಳ ಹತ್ತಿರ ಬೈಸಿಕೊಂಡವನು ತಾನೇ. ಆರನೇ ಟಿಂಗ್‌ಗೆ ಸುನಂದಳನ್ನು ಕರೆದ.

“ಯಾರೋ ಇಳಿಯೋರಿದ್ದಾರಮ್ಮ. ಡ್ರೈವರ್‌ಗೆ ಹೇಳು.”

“ಎಂತ ಇಳಿಯುವುದು ಮಾರಾಯ್ರೆ? ಕೆಳಗೆ ಸಮುದ್ರ! ಅದು ನಲವತ್ತೊಂದನೇ ಸಾಲಿನ ಒಬ್ಬರು ನಮ್ಮನ್ನು ಕರೆಯುವುದು. ಹೋದರೆ ನೀರು ಕೇಳುತ್ತಾರೆ. ಆರು ಲೋಟ ಕುಡಿದಾಯಿತು. ಮುಖ ಮಾತ್ರ ಸಿಡುಕು. ಎಂತ ಸಿಟ್ಟೋ ಏನೋ.”

ನಲವತ್ತೊಂದನೇ ಸಾಲು! ಮುನಿಶಾಮಿಗೆ ಮೂಸಂಬಿ ರಸ ಅಲ್ಲೇ ಹುಳಿಯಾಯಿತು. ಬೀಗರು ಮುನಿಸಿಕೊಂಡಿದ್ದಾರೆ! ಎದ್ದುಹೋಗಬೇಕೆಂದು ಗಂಟೆ ಹೊಡೆಯುತ್ತಿದ್ದಾರೆ! ಟೇಕಲ್ ಆದರೆ ಒಂದು ಸ್ಟೇಷನ್ ಇತ್ತು, ಒಂದು ಬೆಂಚಿತ್ತು. ಇಲ್ಲಿ ಬಾಗಿಲು ತೆಗೆದು ಇಳಿದುಹೋದರೆ ಎಲ್ಲಿಗೆಂದು ಪಾಯಸ ಹೊತ್ತುಕೊಂಡು ಓಡುವುದು?

ಅವನು ತಡಮಾಡಲಿಲ್ಲ. ಸೀಟು ಹೋಗದಿರಲೆಂದು ಹೆಗಲಿನ ಟವಲನ್ನು ಅದರ ಮೇಲೆ ಹಾಸಿದ. ತನಗೆ ಬಂದಿದ್ದ ಗಾಜಿನ ಬಟ್ಟಲಿನ ಕೇಸರಿ ಖೀರನ್ನು ಎರಡೂ ಕೈಯಲ್ಲಿ ಹಿಡಿದು ಪರದೆ ಸರಿಸಿ ನಡೆದ. “ಸೈಡ್ ಕೊಡಿ, ಸ್ವಲ್ಪ ಒಳಗೆ ಹೋಗಿ” ಎನ್ನುತ್ತ ನಲವತ್ತೊಂದನೇ ಸಾಲಿಗೆ ಬಂದು ನಿಂತ.

ಶ್ರೀನಿವಾಸಪ್ಪನವರು ಹಲ್ಲು ಕಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು, ಎರಡೂ ಮೊಣಕಾಲು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದರು. ಹಣೆಯ ಮೇಲೆ ಬೆವರು. ಪಕ್ಕದ ಕಿಟಕಿಯಲ್ಲಿ ಕನ್ನಡಕದ ಒಬ್ಬರು ರೆಕ್ಕೆಯ ಫೋಟೊ ಹೊಡೆಯುತ್ತಿದ್ದರು. ಗೋಪಿ ಎಂದು ಹೆಸರು, ಮೈಸೂರಿನ ಬ್ಯಾಂಕಿನವರು. ಮಸ್ಕತ್ತಿನಲ್ಲಿ ಅವರಿಗೆ ಯಾರೂ ಇಲ್ಲ, ಏನೂ ಕೆಲಸವಿಲ್ಲ. ಇಂಥ ಅಪರೂಪದ ಹಳೇ ವಿಮಾನದಲ್ಲಿ ಒಮ್ಮೆ ಕೂರಬೇಕೆಂದೇ ರಜೆ ಹಾಕಿ ಹೊರಟವರು.

“ಬೀಗ್ರೇ, ತಪ್ಪಾಯ್ತು,” ಎಂದು ಮುನಿಶಾಮಿ ಬಟ್ಟಲು ಚಾಚಿದ. “ಪಾಯಸ ತಂದಿದೀನಿ. ಕೋಪ ಬಿಡಿ. ನಡೀರಿ, ಮುಂದೆ ನೀವೇ ಕೂತ್ಕೊಳ್ಳಿ. ಗಂಡಿನ ಕಡೆಯವರನ್ನ ಹಿಂದೆ ಹಾಕಿದ್ದು ನಂದೇ ತಪ್ಪು.”

ಶ್ರೀನಿವಾಸಪ್ಪನವರು ಕಣ್ಣು ಬಿಟ್ಟು ಬಟ್ಟಲನ್ನು ನೋಡಿ ನಡುಗಿದರು. ದ್ರವಪದಾರ್ಥ! ಮುಖ ತಿರುಗಿಸಿದರು.

ಸುತ್ತಲಿನವರಿಗೆ ಇಷ್ಟು ಸಾಕಾಯಿತು. ಹಿಂದಿನ ಸೀಟಿನ ಮದನಪಲ್ಲಿಯವನು, “ಪೋನೀಲೇಂಡಿ ಸಾರ್, ತೀಸುಕೋಂಡಿ, ಪೆದ್ದಾಯನ ಅಂತ ದೂರಂ ನುಂಚಿ ತೆಚ್ಚಾಡು,” ಎಂದು, ಹಿರಿಯರು ಅಷ್ಟು ದೂರದಿಂದ ತಂದಿದ್ದಾರೆ, ಹೋಗಲಿ ತಗೊಳ್ಳಿ ಎಂದು ತೆಲುಗಿನಲ್ಲಿ ಗೋಗರೆದ. ಒಬ್ಬ ಹೆಂಗಸು, ವರನ ಕಡೆಯವರೆಂದರೆ ಆಕಾಶಕ್ಕೆ ಬಂದರೂ ಬುದ್ಧಿ ಬರುವುದಿಲ್ಲ ಎಂದಳು. ಇನ್ನೊಬ್ಬರು ವಧುವಿನ ಕಡೆಯವರದ್ದೂ ತಪ್ಪಿರುತ್ತದೆ ಎಂದರು. ಅರ್ಧ ವಿಮಾನ ಒಂದು ಕಡೆ, ಅರ್ಧ ಇನ್ನೊಂದು ಕಡೆಯಾಯಿತು. ಮೂರು ಸಾಲು ಆಚೆ ಯಾರೋ ಊಟಕ್ಕೆ ಎಷ್ಟು ಜನ ಬಂದಿದ್ದರೆಂದು ಕೇಳಿದರು.

ಗೋಪಿಗೆ ಮಾತ್ರ ಇನ್ನೊಂದು ಸಂಶಯ. “ಇವರಿಗೆ ಭಯ ಆಗಿದೆಯೇನೋ. ಈ ವಿಮಾನಕ್ಕೆ ಮೂವತ್ತೆರಡು ವರ್ಷ ಅಂತ ನಾನೇ ಹೇಳಿದ್ದೆ. ಇಂಥವು ಇನ್ನೆಷ್ಟಿವೆ ಅಂದ್ರು. ಬೆರಳಲ್ಲಿ ಎಣಿಸಬಹುದು ಅಂದೆ. ಮಿಕ್ಕಿದ್ದೆಲ್ಲ ಏನಾಯ್ತು ಅಂತ ಕೇಳಿ ಆಮೇಲೆ ಮಾತೇ ಆಡ್ಲಿಲ್ಲ.”

“ಭಯನಾ? ನನಗಾ?” ಶ್ರೀನಿವಾಸಪ್ಪನವರು ಗುಡುಗಿದರು. “ನಾನು ಡೆಲ್ಲಿಗೆ ಹೋಗಿದ್ದವನು!” ಗುಡುಗಿದ ಕೂಡಲೇ ಹೊಟ್ಟೆ ಹಿಡಿದುಕೊಂಡರು. ನಂತರ ಮುನಿಶಾಮಿಯ ಅಂಗಿಯ ಕಾಲರನ್ನು ಹಿಡಿದು ಕೆಳಕ್ಕೆಳೆದು, ಅವನ ಕಿವಿಗೆ ಬಾಯಿಟ್ಟರು.

“ಕಂಡಕ್ಟ್ರೇ... ಈ ಬೆಲ್ಟು ಬಿಚ್ಚೋದು ಹೆಂಗೋ?”

ಮುನಿಶಾಮಿಗೆ ಅರ್ಥವಾಗಲಿಲ್ಲ. “ಡೆಲ್ಲಿಗೆ ಹೋದಾಗ...”

“ರೈಲಲ್ಲಿ ಹೋಗಿದ್ದೆ ಕಣೋ! ಬಾತ್‌ರೂಮಿಗೆ ಹೋಗಬೇಕು. ಒಂದೂವರೆ ಗಂಟೆಯಿಂದ ಅದುಮಿಕೊಂಡಿದೀನಿ. ಎಳೆದ್ರೂ ಬರಲ್ಲ, ತಿರುಚಿದ್ರೂ ಬರಲ್ಲ. ಆ ಹುಡುಗಿನ ಕರೆದೆ. ಈ ಕನ್ನಡಕದವನ ಮುಂದೆ ಹೆಂಗೆ ಕೇಳ್ಲಿ? ಡೆಲ್ಲಿ ಕಥೆ ಎಲ್ಲಾ ಹೇಳಿಬಿಟ್ಟಿದೀನಿ. ಏನು ಬೇಕು ಸಾರ್ ಅಂದ್ಲು. ನೀರು ಅಂದೆ.”

“ಆರು ಸಲವೂ?”

“ಇನ್ನೇನು ಕೇಳ್ಲಿ!”

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹನ್ನೆರಡು ವರ್ಷದ ಡೆಲ್ಲಿ, ಆರು ವರ್ಷದ ‘ಏನಪ್ಪಾ ಕಂಡಕ್ಟ್ರೇ’, ಟೇಕಲ್ ಸ್ಟೇಷನ್ನಿನ ಬೆಂಚು, ಎಲ್ಲವೂ ಈಗ ಮುನಿಶಾಮಿಯ ಅಂಗೈಯಲ್ಲಿತ್ತು. ಸ್ವಲ್ಪ ಗಟ್ಟಿಯಾಗಿ ಒಂದು ಮಾತು ಸಾಕು, ನಲವತ್ತೊಂದನೇ ಸಾಲಿನಿಂದ ಮಾಲೂರಿನವರೆಗೆ ಜನ ನಗುತ್ತಿದ್ದರು. ಬಟ್ಟಲು ಹಿಡಿದು ನಿಂತವನ ಮುಖವನ್ನೇ ಎಲ್ಲರೂ ನೋಡುತ್ತಿದ್ದರು. ಶ್ರೀನಿವಾಸಪ್ಪನವರೂ ನೋಡುತ್ತಿದ್ದರು, ಆ ಕಣ್ಣಿನಲ್ಲಿ ಶಿರಸ್ತೇದಾರರು ಇರಲಿಲ್ಲ, ಬರೀ ಒಬ್ಬ ಅಜ್ಜ ಇದ್ದ.

ಮುನಿಶಾಮಿ ಬಟ್ಟಲನ್ನು ಗೋಪಿಯ ಕೈಗೆ ಕೊಟ್ಟ. ನೆಟ್ಟಗೆ ನಿಂತು, ಗೌನಿಪಲ್ಲಿ ಬಸ್ಸಿನ ಹಿಂದಿನ ಬಾಗಿಲಿಗೆ ಕೇಳುವಂಥ ಗಂಟಲಿನಲ್ಲಿ ಹೇಳಿದ:

“ಬೆಲ್ಟು ಜಾಮ್ ಆಗಿದೆ! ಹಳೇ ಗಾಡಿ, ಆಗುತ್ತೆ! ಬೀಗ್ರೇ, ಡೆಲ್ಲಿ ವಿಮಾನ ಹೊಸದು, ಇದರ ಬೆಲ್ಟೇ ಬೇರೆ. ಇದು ನಮ್ಮಂಥೋರ ಕೈಗೇ ಬಗ್ಗೋದು.”

ಬಗ್ಗಿ ಬೆಲ್ಟಿನ ಮೇಲೆ ಅಂಗೈಯಿಂದ ಧಬ್ಬೆಂದು ಗುದ್ದಿದ. ಉಸಿರು ಬಿಗಿಹಿಡಿದ. “ಅಬ್ಬಬ್ಬಾ, ಏನು ಬಿಗಿ!” ಎಂದು ಇನ್ನೊಂದು ಗುದ್ದು ಗುದ್ದಿದ. ಅದೇ ಹೊತ್ತಿಗೆ, ಯಾರಿಗೂ ಕಾಣದಂತೆ, ಹೆಬ್ಬೆರಳಿನಿಂದ ತಗಡನ್ನು ಮೇಲೆತ್ತಿದ. ಎಳೆಮಗು ಎತ್ತಿದ್ದರೂ ಬರುತ್ತಿತ್ತು. ಬೆಲ್ಟು ಬಿಚ್ಚಿಕೊಂಡಿತು. ಮದನಪಲ್ಲಿಯವನು ಚಪ್ಪಾಳೆ ತಟ್ಟಿದ.

ಹಿಂದಿನ ಬಾತ್‌ರೂಮಿನ ಮುಂದೆ ಹನ್ನೊಂದು ಜನ ನಿಂತಿದ್ದರು. ಶ್ರೀನಿವಾಸಪ್ಪನವರು ಆ ಸಾಲು ನೋಡಿ ಗೋಡೆಗೆ ಒರಗಿದರು. ಮುನಿಶಾಮಿ ಅವರ ಕೈ ಹಿಡಿದು ಮುಂದಕ್ಕೆ ತಿರುಗಿಸಿದ. ಊಟದ ಗಾಡಿ, ಕಾಲಾಡಿಸುವವರು, ಮಕ್ಕಳು, ದಾರಿಯೆಲ್ಲ ಜನ. ಬೇರೆ ಉಪಾಯವಿರಲಿಲ್ಲ. ಜೇಬಿಗೆ ಕೈ ಹಾಕಿದ. ಒಂದು ವಿಶಲ್.

ವಿಮಾನವೊಂದನ್ನು ಬಿಟ್ಟು ಮಿಕ್ಕೆಲ್ಲ ನಿಂತಿತು. ಜನ ಗೋಡೆಗೆ ಅಂಟಿಕೊಂಡರು. ಇಬ್ಬರೂ ಓಡುತ್ತ ಪರದೆಯ ಹತ್ತಿರ ಬರುವಷ್ಟರಲ್ಲಿ ಸುನಂದ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಿದ್ದಳು.

“ವಿಮಾನದಲ್ಲಿ ಸೀಟಿ ಊದುವುದಾ? ಮತ್ತೆ ಇವರು ಎಲ್ಲಿಗೆ? ಈ ಕಡೆ ಬಿಸಿನೆಸ್ ಕ್ಲಾಸಿನವರಿಗೆ ಮಾತ್ರ!”

“ಬೈಯ್ಯೋದಿದ್ರೆ ಆಮೇಲೆ ಬೈಯಮ್ಮ, ನಿಂತು ಬೈಸ್ಕೊಳ್ತೀನಿ. ಇವರು ನಮ್ಮ ಬೀಗರು. ನನ್ನ ಮಗಳ ಮಾವ. ನಾನು ಮುಂದಿದ್ರೆ ಇವರೂ ಮುಂದೆನೇ.”

ಸುನಂದ ಶ್ರೀನಿವಾಸಪ್ಪನವರ ಮೊಣಕಾಲು ನೋಡಿದಳು. ಆರು ಲೋಟ ನೀರು ಕೊಟ್ಟವಳು ಅವಳೇ. ಪರದೆ ಸರಿಸಿದಳು.

ಐದು ನಿಮಿಷದ ಮೇಲೆ ಹೊರಬಂದವರು ಬೇರೆಯೇ ಮನುಷ್ಯರು. ಮುಖ ತೊಳೆದು, ತಲೆ ಬಾಚಿ, ಅಲ್ಲಿಟ್ಟಿದ್ದ ಸೆಂಟು ಹಾಕಿಕೊಂಡು ಬಂದಿದ್ದರು. ಮುನಿಶಾಮಿ ಸೀಟಿನ ಮೇಲಿದ್ದ ಟವಲ್ ತೆಗೆದು, “ಕೂತ್ಕೊಳ್ಳಿ,” ಎಂದ. ಅವರು ಸೀಟನ್ನು ನೋಡಿದರು. ಕಾಲಿನ ಹಲಗೆ ನೋಡಿದರು. ಬಹಳ ಹೊತ್ತು ನೋಡಿದರು.

“ಬೇಡ,” ಎಂದರು. “ಆ ಹುಡುಗಿ ನಿಮಗೆ ಕೊಟ್ಟಿದ್ದು. ನೀವೇ ಕೂತ್ಕೊಳ್ಳಿ.”

ನೀವು! ಮುನಿಶಾಮಿ ಕೂತದ್ದು ಸೀಟಿನ ಮೇಲೋ ಮೋಡದ ಮೇಲೋ ಅವನಿಗೆ ತಿಳಿಯಲಿಲ್ಲ. ಮಸ್ಕತ್ತಿನವರೆಗೂ ಮತ್ತೆ ಒಂದು ಟಿಂಗ್ ಕೇಳಲಿಲ್ಲ.

ನಾಮಕರಣವಾಯಿತು. ಹದಿನೈದು ದಿನದ ಮೇಲೆ ಇಬ್ಬರೂ ವಾಪಸ್ಸು ಬಂದರು, ಒಂದು ಹೊಸ ವಿಮಾನದಲ್ಲಿ, ಹಿಂದಿನ ಸಾಲಿನಲ್ಲಿ ಅಕ್ಕಪಕ್ಕ. ಮಾರನೆಯ ಭಾನುವಾರ ಮಾಲೂರಿನ ಮನೆಯಲ್ಲಿ ಮೊಮ್ಮಗಳ ಹೆಸರಿನಲ್ಲಿ ಊಟ. ಶ್ರೀನಿವಾಸಪ್ಪನವರ ಹೆಂಡತಿ ದೊಡ್ಡಗಂಗಮ್ಮ ಬಡಿಸುತ್ತಿದ್ದರು. ಬಿಸಿನೆಸ್ ಕ್ಲಾಸಿನ ಸುದ್ದಿ ಸುಗಟೂರಿನಿಂದ ಮುನಿಶಾಮಿಗಿಂತ ಮೊದಲೇ ಬಂದಿತ್ತು.

ಶ್ರೀನಿವಾಸಪ್ಪನವರ ತಮ್ಮ ಭೀಮರಾಜ್ ಎಲೆಯ ಮುಂದೆ ಕೂತು ನಕ್ಕ. “ಏನು ಕಂಡಕ್ಟ್ರೇ, ನೀವು ಬಿಸಿನೆಸ್ ಕ್ಲಾಸಂತೆ, ನಮ್ಮಣ್ಣ ಹಿಂದೆಯಂತೆ? ಸುಳ್ಳು ಹೇಳಿದ್ರೂ ನಂಬೋ ಹಂಗೆ ಹೇಳ್ಬೇಕಪ್ಪ!”

ಪಂಕ್ತಿಯೆಲ್ಲ ನಕ್ಕಿತು. ಮುನಿಶಾಮಿ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಸಾಕ್ಷಿಗೆ ಒಂದು ಫೋಟೊ ಕೂಡ ತೆಗೆದುಕೊಂಡಿರಲಿಲ್ಲ. ಇದ್ದ ಒಬ್ಬರೇ ಸಾಕ್ಷಿ ಎದುರಿಗೆ ಕೂತು ಹಪ್ಪಳ ಮುರಿಯುತ್ತಿದ್ದರು, ಅವರು ಸುಮ್ಮನಿದ್ದುಬಿಟ್ಟರೆ ಮುನಿಶಾಮಿ ಸುಳ್ಳುಗಾರನೇ ಆಗುತ್ತಿದ್ದ.

ಹಪ್ಪಳ ಮುರಿಯುವುದು ನಿಂತಿತು.

“ನಗು ಸಾಕು ಕಣೋ ಭೀಮ,” ಎಂದರು ಶ್ರೀನಿವಾಸಪ್ಪನವರು. “ನಮ್ಮ ಬೀಗರು ಎರಡನೇ ಸಾಲಲ್ಲಿ ಕೂತಿದ್ರು, ನಾನು ನಲವತ್ತೊಂದರಲ್ಲಿ. ಕಣ್ಣಾರೆ ನೋಡಿದೀನಿ. ಎಂಥಾ ವಿಮಾನ ಅಂದ್ಕೊಂಡೆ? ನಾಲ್ಕು ಇಂಜಿನ್ನು! ಅದನ್ನ ನೋಡೋಕೆ ಅಂತಲೇ ಜನ ರಜೆ ಹಾಕಿ ಬರ್ತಾರೆ. ಅಂಥದ್ದರಲ್ಲಿ ಮೇಲಿನ ಮುಚ್ಚಳ ಮುಚ್ಚೋಕೂ ನಮ್ಮ ಬೀಗರೇ ಬೇಕಾಯ್ತು.”

ಭೀಮರಾಜ್ ಎಲೆಯತ್ತ ಬಗ್ಗಿ ಅನ್ನಕ್ಕೆ ಕೈ ಹಾಕಿದ. ದೊಡ್ಡಗಂಗಮ್ಮ ಸೌಟು ಹಿಡಿದು ನಿಂತು, “ಇವರಿಗೆ ಬಿಡಿ, ಡೆಲ್ಲಿಗೆ ಹೋಗಿದ್ದ ಅಭ್ಯಾಸ. ನಿಮಗೆ ಭಯ ಆಗ್ಲಿಲ್ವಾ ಅಣ್ಣ?” ಎಂದರು.

ಮುನಿಶಾಮಿ ಬೀಗರತ್ತ ನೋಡಲೇ ಇಲ್ಲ. “ಆಯ್ತಮ್ಮ. ಆದ್ರೆ ಡೆಲ್ಲಿ ನೋಡಿದೋರು ಜೊತೇಲಿದ್ರಲ್ಲ, ಅದೇ ಧೈರ್ಯ. ಬೆಲ್ಟು ಹಾಕೋದು, ಬಿಚ್ಚೋದು, ಎಲ್ಲಾ ಅವರನ್ನ ನೋಡೇ ಕಲಿತೆ.”

ಶ್ರೀನಿವಾಸಪ್ಪನವರಿಗೆ ಹಪ್ಪಳ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ನೀರು ಕೊಟ್ಟರೆ ಬೇಡವೆಂದರು.

ಸಂಜೆ ಮುನಿಶಾಮಿಯನ್ನು ಬಿಡಲು ಅವರ ಮನೆಯಿಂದ ಬಸ್ ಸ್ಟ್ಯಾಂಡಿಗೆ ಯಾರೋ ಹೋಗುತ್ತಾರೆ ಅಂದುಕೊಂಡರೆ, ಚಪ್ಪಲಿ ಮೆಟ್ಟಿ ಹೊರಟವರು ಶ್ರೀನಿವಾಸಪ್ಪನವರೇ. ಕೋಲಾರದ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಶಿರಸ್ತೇದಾರರು ತಮ್ಮ ಜರಿಯಂಚಿನ ಟವಲನ್ನು ಹೆಗಲಿನಿಂದ ತೆಗೆದು, ಕಿಟಕಿಯೊಳಗೆ ಎಸೆದು, ಡ್ರೈವರಿನ ಹಿಂದಿನ ಸೀಟು ಹಿಡಿದರು.

“ಬೀಗ್ರೇ, ಮುಂದೆ ಕೂತ್ಕೊಳ್ಳಿ!” ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದರು.

ಮುನಿಶಾಮಿ ಕೂತ. ಶ್ರೀನಿವಾಸಪ್ಪನವರು ಕಿಟಕಿಯ ಹತ್ತಿರ ಬಂದು, ಅತ್ತ ಇತ್ತ ನೋಡಿ, ತಗ್ಗಿದ ದನಿಯಲ್ಲಿ, “ಇದಕ್ಕೆ ಬೆಲ್ಟಿಲ್ಲ. ನೀರು ಎಷ್ಟು ಬೇಕಾದ್ರೂ ಕುಡೀಬಹುದು,” ಎಂದರು.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಖುಷಿಯಲ್ಲಿ ಮುನಿಶಾಮಿಗೆ ತಾನು ರಿಟೈರಾದದ್ದು ಮರೆತುಹೋಯಿತು. ಜೇಬಿನಿಂದ ವಿಶಲ್ ತೆಗೆದು ಎರಡು ಸಲ ಊದಿದ. ಡ್ರೈವರ್ ಹಿಂದೆ ನೋಡದೆ ಗೇರು ಹಾಕಿ ಹೊರಟೇಬಿಟ್ಟ. ಟೀ ಅಂಗಡಿಯಿಂದ ಆ ಬಸ್ಸಿನ ಕಂಡಕ್ಟರ್ ಲೋಟ ಹಿಡಿದುಕೊಂಡೇ ಹಿಂದೆ ಓಡಿದ.

“ಯಾವನ್ರೀ ಅವನು ವಿಶಲ್ ಹೊಡ್ದಿದ್ದು?” ಎಂದು ಅಲ್ಲಿದ್ದವರೊಬ್ಬರು ಸಿಡುಕಿದರು.

ಶ್ರೀನಿವಾಸಪ್ಪನವರು ಎದೆ ಉಬ್ಬಿಸಿ ನಿಂತರು.

“ಮರ್ಯಾದೆ ಕೊಟ್ಟು ಮಾತಾಡ್ರೀ,” ಎಂದರು. “ಅವರು ನಮ್ಮ ಬೀಗರು. ಬಿಸಿನೆಸ್ ಕ್ಲಾಸು.”